ಘಟ್ಟದಲ್ಲಿ ಲಾರಿ ಹೀಟ್ ಆಗುತ್ತಿದೆ, ಥರ್ಮೋಸ್ಟಾಟ್ ತೆಗೆಸಬೇಕಾ?

ಓದುಗರ ಪ್ರಶ್ನೆ: ಅಂಕೋಲಾದಿಂದ ಹುಬ್ಬಳ್ಳಿಗೆ ಲೋಡ್ ತರುವಾಗ ಅರಬೈಲ್ ಘಟ್ಟದಲ್ಲಿ ಎಂಜಿನ್ ಹೀಟ್ ಆಗುತ್ತದೆ. ಸಪಾಟು ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಥರ್ಮೋಸ್ಟಾಟ್ ತೆಗೆದರೆ ಸರಿಹೋಗುತ್ತದೆ ಅಂತಾರೆ. ತೆಗೆಸಲಾ?

ಉತ್ತರ: ಬೇಡ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ. ಥರ್ಮೋಸ್ಟಾಟ್ ಪೂರ್ತಿ ಮುಚ್ಚಿಕೊಂಡಿದ್ದರೆ ಸಪಾಟಿನಲ್ಲೂ ಹೀಟ್ ಮೀಟರಿನ ಮುಳ್ಳು ಏರುತ್ತಿತ್ತು, ಅಲ್ವಾ? ಅರ್ಧ ತೆರೆಯುತ್ತಿದೆ ಎಂಬ ಅನುಮಾನವಿದ್ದರೆ ಬಿಚ್ಚಿ ಬಿಸಿನೀರಿನಲ್ಲಿ ಹಾಕಿ ನೋಡಿ, ಕೆಟ್ಟಿದ್ದರೆ ಹೊಸದು ಹಾಕಿಸಿ. ಥರ್ಮೋಸ್ಟಾಟನ್ನೇ ತೆಗೆದುಬಿಟ್ಟರೆ ಎಷ್ಟೋ ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ತೆರೆದೇ ಇರುತ್ತದೆ. ಆಗ ಒಂದಿಷ್ಟು ಬಿಸಿನೀರು ರೇಡಿಯೇಟರ್‌ಗೆ ಹೋಗದೆ ನೇರ ಎಂಜಿನ್‌ಗೇ ವಾಪಸ್ ಬರುತ್ತದೆ. ಘಟ್ಟದಲ್ಲಿ ಹೀಟ್ ಇನ್ನೂ ಜಾಸ್ತಿ. ಸಪಾಟಿನಲ್ಲಿ ಎಂಜಿನ್ ತಣ್ಣಗೇ ಓಡಿ ಡೀಸೆಲ್ ತಿನ್ನುತ್ತದೆ.

ಲೋಡ್ ಮೇಲೆ, ಏರಿನಲ್ಲಿ ಮಾತ್ರ ಹೀಟ್ ಆದರೆ ಮೊದಲು ಗಾಳಿಯ ದಾರಿ ನೋಡಬೇಕು. ಏರಿನಲ್ಲಿ ಗಾಡಿ ನಿಧಾನ, ಎದುರುಗಾಳಿ ಸಿಗುವುದಿಲ್ಲ, ಎಲ್ಲಾ ಭಾರ ಫ್ಯಾನ್ ಮೇಲೆ. ನಮ್ಮ ಕಡೆ ಎರೆಮಣ್ಣಿನ ಧೂಳು, ಹತ್ತಿಯ ಎಳೆ, ಗೋವಿನಜೋಳದ ಹೊಟ್ಟು ಸೇರಿ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಜಾಲರಿ) ಮತ್ತು ರೇಡಿಯೇಟರ್ ನಡುವೆ ಕಂಬಳಿಯ ಹಾಗೆ ಕೂತಿರುತ್ತವೆ. ಮುಂದಿನಿಂದ ನೋಡಿದರೆ ಎಲ್ಲಾ ಸ್ವಚ್ಛ! ಎರಡನ್ನೂ ಬೇರೆ ಮಾಡಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿಸಿ. ಜೋರಾಗಿ ಹೊಡೆದರೆ ಅದರ ತೆಳು ತಗಡಿನ ಫಿನ್ ಮಡಚುತ್ತವೆ.

ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಕ್ಲಚ್ ಹಿಡಿದು ಜೋರಾಗಿ ತಿರುಗುವ ಫ್ಯಾನ್) ಇದ್ದರೆ, ಹೀಟ್ ಆದ ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ಕೈಯಿಂದ ತಿರುಗಿಸಿ. ಬಿಗಿ ಇರಬೇಕು. ಸುಮ್ನೆ ಗಿರಗಿರ ತಿರುಗಿದರೆ ಕ್ಲಚ್ ಹೋಗಿದೆ.

ಆಮೇಲೆ ನೀರಿನ ವಿಚಾರ. ಗದಗ, ನವಲಗುಂದ ಕಡೆ ಬೋರ್ ನೀರು ಗಡಸು. ಅದನ್ನೇ ಸುರಿಯುತ್ತಾ ಬಂದರೆ ಒಳಗೆ ಸುಣ್ಣ ಕಟ್ಟಿ ಕೊಳವೆ ಸಣ್ಣದಾಗುತ್ತವೆ. ಕಂಪನಿ ಹೇಳಿದ ಕೂಲಂಟ್, ಡಿಸ್ಟಿಲ್ಡ್ ವಾಟರ್ ಅಷ್ಟೇ ಹಾಕಿ. ರೇಡಿಯೇಟರ್ ಕ್ಯಾಪಿನ ರಬ್ಬರ್ ಸೀಲೂ ನೋಡಿ. ಅದು 1 ಬಾರ್ ಒತ್ತಡ ಹಿಡಿದರೆ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಸೀಲ್ ಹೋದರೆ 100ರ ಹತ್ತಿರವೇ ಕುದಿಯುತ್ತದೆ.

ಘಟ್ಟದಲ್ಲೇ ಮುಳ್ಳು ಏರಿದರೆ ಸಣ್ಣ ಗೇರಿಗೆ ಇಳಿಸಿ, ಪಂಪ್ ಮತ್ತು ಫ್ಯಾನ್ ಜೋರಾಗಿ ತಿರುಗಲಿ. ಇಳಿಯದಿದ್ದರೆ ಅಗಲ ಜಾಗದಲ್ಲಿ ನಿಲ್ಲಿಸಿ, ನೀರು ಸೋರದಿದ್ದರೆ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಡಿ. ಸೋರುತ್ತಿದ್ದರೆ ತಕ್ಷಣ ಆಫ್. ಬಿಸಿಯಿರುವಾಗ ಕ್ಯಾಪ್ ಮುಟ್ಟಲೇಬೇಡಿ, ಮುಖ ಸುಟ್ಟುಹೋಗುತ್ತದೆ. ತಣ್ಣೀರನ್ನೂ ಸುರಿಯಬೇಡಿ, ಹೆಡ್ ಸೀಳಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಸೋರಿಕೆ ಕಾಣದೆಯೂ ಕೂಲಂಟ್ ಕಡಿಮೆಯಾಗುತ್ತಿದ್ದರೆ, ರೇಡಿಯೇಟರ್‌ನಲ್ಲಿ ಗುಳ್ಳೆ ನಿಲ್ಲದಿದ್ದರೆ, ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಪರೀಕ್ಷೆ ಮಾಡಿಸಿಯೇ ಮುಂದಿನ ಲೋಡ್ ಹಿಡಿಯಿರಿ.