ಲಾರಿ ತಿರುಗುವ ಜಾಗ ಗಟ್ಟಿ ಮಾಡಿ, ಮನೆ ದಾರಿ ಉಳಿಯುತ್ತದೆ

ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ದೂರು. "ಟೈಲ್ಸ್ ಲಾರಿ ಬಂದು ನಮ್ಮ ಜಲ್ಲಿ ದಾರಿಯನ್ನೆಲ್ಲ ಉತ್ತು ಹಾಕಿ ಹೋಯ್ತು." ಉಡುಪಿ ಸುತ್ತಮುತ್ತ ಮನೆಗೆ, ತೋಟಕ್ಕೆ ದಾರಿ ಮಾಡಿಕೊಡುವುದು ನನ್ನ ಕೆಲಸ. ಹೋಗಿ ನೋಡಿದರೆ ದಾರಿ ಪೂರ್ತಿ ಹಾಳಾಗಿರುವುದು ಕಡಿಮೆ. ನೇರ ಇರುವಲ್ಲಿ ಜಲ್ಲಿ ಹೆಚ್ಚುಕಡಿಮೆ ಹಾಗೇ ಕೂತಿರುತ್ತದೆ. ಹೋಗಿರುವುದು ಗೇಟಿನ ಬಾಯಿ, ಒಂದು ತಿರುವು, ಮತ್ತೆ ಲಾರಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಿದ ಜಾಗ.

ಇದಕ್ಕೆ ಕಾರಣ ಇದೆ. ನೇರ ಹೋಗುವ ಚಕ್ರ ಜಲ್ಲಿಯನ್ನು ಒತ್ತುತ್ತದೆ ಅಷ್ಟೇ. ತಿರುಗುವ ಚಕ್ರ ಜಲ್ಲಿಯನ್ನು ಬದಿಗೆ ಎಳೆಯುತ್ತದೆ. ಲಾರಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಟೈರು ಜಲ್ಲಿಯನ್ನು ಅರೆಯುವ ಕಲ್ಲಿನ ಹಾಗೆ ಅರೆದು ಗುಂಡಿ ಮಾಡುತ್ತದೆ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ 30ರಿಂದ 35 ಪಿಎಸ್‌ಐ. ಲಾರಿ ಟೈರಿನಲ್ಲಿ 100ಕ್ಕೂ ಜಾಸ್ತಿ. ಅಂದರೆ ಜಲ್ಲಿಯ ಮೇಲೆ ಬೀಳುವ ಒತ್ತಡವೂ ಮೂರು ಪಟ್ಟು.

ಇನ್ನು ತೂಕ. ಆರು ಚಕ್ರದ ಲಾರಿ ಸರಕು ಸೇರಿ 18.5 ಟನ್ ತೂಗಬಹುದು, ಹತ್ತು ಚಕ್ರದ್ದು 28.5 ಟನ್. 2018ರಲ್ಲಿ ಹೆಚ್ಚಿಸಿದ ಮಿತಿ ಇದು. ಬೇಸಿಗೆಯಲ್ಲಿ ಬರುವ 10,000 ಲೀಟರಿನ ಟ್ಯಾಂಕರಿನಲ್ಲಿ ನೀರೇ 10 ಟನ್. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಡಾಮರು, ಕಾಂಕ್ರೀಟ್ ರಸ್ತೆಗಳ ಮೇಲೆ ಲಾರಿ ಓಡಿಸಿ ಪರೀಕ್ಷೆ ಮಾಡಿದ್ದರು. ಆಕ್ಸಲ್ ಮೇಲಿನ ತೂಕ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು ಎಂದು ಅದರಿಂದ ಗೊತ್ತಾಯಿತು. ನಮ್ಮ ಜಲ್ಲಿ ದಾರಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಆದರೂ ಒಂದು ಫುಲ್ ಲೋಡಿಗಿಂತ ಎರಡು ಅರ್ಧ ಲೋಡ್ ತರಿಸುವುದು ಮೇಲು. ಬಾಡಿಗೆ ಸ್ವಲ್ಪ ಜಾಸ್ತಿ ಆದೀತು. ದಾರಿ ರಿಪೇರಿ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ಹಿರಿಯಡ್ಕ ಕಡೆಯ ಒಂದು ಮನೆ. ದಾರಿ 180 ಮೀಟರ್. ಮೇಲೆ ಗುಡ್ಡೆಯಿಂದ ಹೊರಟು ಕೆಳಗೆ ಬೈಲಿನ ಬದಿಗೆ ಇಳಿಯುತ್ತದೆ. ಗುಡ್ಡೆಯಲ್ಲಿ ಅಡಿಗೆ ಮುರಕಲ್ಲು, ಬಂಡೆಯ ಹಾಗೆ ಗಟ್ಟಿ. ಬೈಲು ಶುರುವಾಗುವಲ್ಲಿ ಜೇಡಿಮಣ್ಣು. ದಾರಿ ತಿರುಗುವುದೂ ಸರಿಯಾಗಿ ಅಲ್ಲೇ. ಲಾರಿ ಹೂತದ್ದೂ ಅಲ್ಲೇ. ಮನೆಯವರು ಅದಾಗಲೇ ಮೂರು ಸಲ ಜಲ್ಲಿ ಹಾಕಿಸಿದ್ದರು. ನಾನು ಗುಂಡಿಯಲ್ಲಿ ಹಾರೆ ಹಾಕಿ ಅಗೆದೆ. ಒಂದು ಗೇಣು ಕೆಳಗೆ, ಅವರು ಹಾಕಿಸಿದ 40 ಎಂಎಂ ಜಲ್ಲಿ ಪೂರ್ತಿ ಕೆಸರಿನೊಳಗೆ ಸಿಕ್ಕಿತು. ಒಂದು ಕಲ್ಲು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಕಾಲಿನಿಂದ ಒತ್ತಿದರೆ ಸಂದಿಯಿಂದ ಕೆಂಪು ರಾಡಿ ಮೇಲೆ ಬರುತ್ತಿತ್ತು. ಚಕ್ರ ಹತ್ತಿದಾಗಲೆಲ್ಲ ನಡೆಯುವುದೂ ಇದೇ. ಜಲ್ಲಿ ಕೆಳಗೆ, ಕೆಸರು ಮೇಲೆ. ಇಂಥ ಜಾಗಕ್ಕೆ ಮತ್ತೆ ಮತ್ತೆ ಜಲ್ಲಿ ಸುರಿದರೆ ದುಡ್ಡು ಮಣ್ಣಿನೊಳಗೆ ಹೋದ ಹಾಗೆ.

ಮಳೆ ಬಿಟ್ಟ ಮೇಲೆ ತಿರುವಿನ ಆ 15 ಮೀಟರ್ ಮಾತ್ರ ಅಗೆದೆವು. ರಾಡಿ ತೆಗೆದು, ನೆಲ ಸಮ ಮಾಡಿ, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಅದರ ಮೇಲೆ ದಪ್ಪ ಜಲ್ಲಿ, ಆಮೇಲೆ ಸಣ್ಣ ಜಲ್ಲಿ ಮತ್ತು ಜಲ್ಲಿ ಹುಡಿ. ಒಂದೊಂದು ಪದರವನ್ನೂ ನೀರು ಚಿಮುಕಿಸಿ ರೋಲರ್ ಹೊಡೆಸಿದೆವು. ಒಂದೇ ಸಲ ದಪ್ಪ ಹಾಕಿ ರೋಲರ್ ಹತ್ತಿಸಿದರೆ ಮೇಲೆ ಗಟ್ಟಿ, ಒಳಗೆ ಸಡಿಲ. ಹುಡಿ ಹಾಕಬೇಡಿ, ಕೆಸರಾಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹದವಾಗಿ ಹಾಕಿದ ಕರಿಕಲ್ಲಿನ ಹುಡಿಯೇ ಜಲ್ಲಿಯನ್ನು ಹಿಡಿದಿಡುವುದು. ಕೆಸರಾಗುವುದು ಕೆಂಪು ಮಣ್ಣು. ಇನ್ನು ಚಂದಕ್ಕೆಂದು ಹಾಕುವ ಉರುಟು ಕಲ್ಲು ಲಾರಿ ಬರುವ ದಾರಿಗೆ ಬೇಡವೇ ಬೇಡ. ಅದು ಎಂದೂ ಕೂರುವುದಿಲ್ಲ, ಉರುಳುತ್ತಲೇ ಇರುತ್ತದೆ.

ಗೇಟಿನ ಬಾಯಿಗೆ ಮಾತ್ರ ನಾನು ಕಾಂಕ್ರೀಟ್ ಹೇಳುತ್ತೇನೆ. 5-6 ಮೀಟರ್ ಸಾಕು. ಲಾರಿ ಮಾರ್ಗದಿಂದ ಒಳಗೆ ತಿರುಗುವಾಗ ಸ್ಟೇರಿಂಗ್ ಪೂರ್ತಿ ಎಳೆಯುವುದು ಅಲ್ಲೇ ಅಲ್ವಾ? ಅಗಲವೂ ಬೇಕು. ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಯಿಂದ ಮೂಲೆ ಕತ್ತರಿಸಿಕೊಂಡು ಬರುತ್ತದೆ. ಚರಂಡಿಯ ಅಂಚು ಒಡೆಯುವುದು ಇದರಿಂದಲೇ. ಒಳಮೂಲೆಯನ್ನು ಒಂದು ಮೀಟರಾದರೂ ಅಗಲ ಮಾಡಿ, ಅಂಚಿಗೆ ಬಿಳಿ ಬಣ್ಣ ಹೊಡೆದ ಕಲ್ಲು ನೆಡಿ. ಸಂಜೆ ಮಳೆಯಲ್ಲಿ ಬರುವ ಡ್ರೈವರಿಗೆ ಅಂಚು ಎಲ್ಲಿ ಮುಗಿಯುತ್ತದೆ ಎಂದು ಕಾಣಬೇಕಲ್ಲ.

ನೀರಿನ ಮಾತು ಬಿಡುವ ಹಾಗಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. 3 ಮೀಟರ್ ಅಗಲದ ದಾರಿಗೆ ನಡುಭಾಗ ಅಂಚಿಗಿಂತ 6 ಸೆಂಟಿಮೀಟರ್ ಎತ್ತರ ಇರಲಿ. ಅಡ್ಡಕ್ಕೆ ಹಗ್ಗ ಎಳೆದು ನೀವೇ ನೋಡಬಹುದು. ಬದಿಯ ಚರಂಡಿಯ ಹೂಳನ್ನು ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ತೆಗೆಸಿ.

ಡ್ರೈವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ನಿಮ್ಮ ದಾರಿಯ ಅಡಿಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಹೊರಡುವ ಮೊದಲೇ ಫೋನ್ ಮಾಡಿ ಹೇಳಿ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಿರುಗಿಸಬೇಕು ಎಂದು. ನಾಲ್ಕು ದಿನ ಬಿಡದೆ ಮಳೆ ಬಂದಿದ್ದರೆ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸಿ, ಸಣ್ಣ ಪಿಕಪ್‌ನಲ್ಲಿ ಒಳಗೆ ತನ್ನಿ. ಬೋರ್‌ವೆಲ್ ಲಾರಿಯಂತೂ ಮಳೆಗಾಲದಲ್ಲಿ ಜಲ್ಲಿ ದಾರಿಗೆ ಇಳಿಯಲೇಬಾರದು.

ಹೂತ ಚಕ್ರದಡಿಗೆ ತೆಂಗಿನ ಮಡಲು ಹಾಕಿ ಎಬ್ಬಿಸುವುದು ನಮ್ಮಲ್ಲಿ ಮಾಮೂಲು. ಆ ಹೊತ್ತಿಗೆ ಒಳ್ಳೆಯ ಉಪಾಯವೇ. ಆದರೆ ಲಾರಿ ಹೋದ ಮೇಲೆ ಮಡಲನ್ನು ಎಳೆದು ತೆಗೆಯಿರಿ. ಸುಮ್ನೆ ಮೇಲಿಂದ ಜಲ್ಲಿ ಮುಚ್ಚಿದರೆ ಒಳಗೆ ಕೊಳೆತು ಮುಂದಿನ ವರ್ಷ ಅಲ್ಲೇ ಕುಸಿಯುತ್ತದೆ.

ಹಿರಿಯಡ್ಕದ ಮನೆಗೆ ಕಳೆದ ಮಳೆಗಾಲದಲ್ಲಿ ಹೋಗಿದ್ದೆ. ಹಿಂದಿನ ದಿನವಷ್ಟೇ ಸಿಮೆಂಟ್ ಲಾರಿ ಬಂದು ಹೋಗಿತ್ತು. ತಿರುವಿನ ಒಳಮೂಲೆಯಲ್ಲಿ ಒಂದು ಟೈರಿನ ಗುರುತು ಬಿದ್ದಿತ್ತು, ಎರಡು ಬೆರಳು ಆಳ. ಮನೆಯ ಯಜಮಾನರು ಬದಿಯಲ್ಲಿ ರಾಶಿ ಹಾಕಿಟ್ಟಿದ್ದ ಜಲ್ಲಿ ಹುಡಿಯಿಂದ ಒಂದು ಬುಟ್ಟಿ ತಂದರು. ಮೊದಲು ನೀರು ಹೊರಗೆ ಹರಿಸಿದೆವು, ಆಮೇಲೆ ಹುಡಿ ತುಂಬಿ ದಿಮ್ಮಸು ಹೊಡೆದೆವು. ಹತ್ತು ನಿಮಿಷದ ಕೆಲಸ.