ಎಪ್ಪತ್ತೈದರ ಮಾತ್ರೆ ಚಿಕ್ಕದೇನಲ್ಲ

ಮನೆಗಳಲ್ಲಿ 75 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಗೆ ‘ರಕ್ತ ತೆಳು ಮಾಡೋ ಮಾತ್ರೆ’ ಅಂತಲೇ ಹೆಸರು. ಅಸಲಿಗೆ ಆಸ್ಪಿರಿನ್ ರಕ್ತವನ್ನು ನೀರು ಮಾಡುವುದಿಲ್ಲ. ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಡ್ಡೆ ಕಟ್ಟದಂತೆ ತಡೆಯುತ್ತದೆ. ಆ ಕೆಲಸಕ್ಕೆ ದಿನಕ್ಕೆ 75 ಮಿಲಿಗ್ರಾಂ ಸಾಕು. ಒಮ್ಮೆ ಅದರ ಕೈಗೆ ಸಿಕ್ಕ ಪ್ಲೇಟ್‌ಲೆಟ್ ತನ್ನ ಆಯಸ್ಸು ಮುಗಿಯುವ 7–10 ದಿನವೂ ಚೇತರಿಸಿಕೊಳ್ಳುವುದಿಲ್ಲ. ತಲೆನೋವಿನ ಡಿಸ್ಪ್ರಿನ್ ಪಕ್ಕ ಇಟ್ಟರೆ ಪುಟಾಣಿ; ರಕ್ತಸ್ರಾವದ ಲೆಕ್ಕದಲ್ಲಿ ಮಾತ್ರ ಪೂರ್ತಿ ಔಷಧ.

ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಗಡ್ಡೆಯಿಂದ ಪಾರ್ಶ್ವವಾಯು ಆದವರಿಗೆ ಇದರ ಲಾಭ ದೊಡ್ಡದು. ಹಲ್ಲು ಕೀಳಿಸಬೇಕೆಂದು ತಾವೇ ನಿಲ್ಲಿಸುವುದು ಇವರು ಮಾಡುವ ದೊಡ್ಡ ತಪ್ಪು. ಒಂದು ಹಲ್ಲಿಗೆ ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ದಂತವೈದ್ಯರಿಗೆ ಮೊದಲೇ ಹೇಳಿದರೆ ಅವರು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಭಾಯಿಸುತ್ತಾರೆ. ದೊಡ್ಡ ಆಪರೇಷನ್ ಇದ್ದರೆ ಹೃದಯದ ವೈದ್ಯರನ್ನೂ ಕೇಳಲೇಬೇಕು.

ಹೃದಯದ, ರಕ್ತನಾಳದ ಕಾಯಿಲೆಯೇನೂ ಇಲ್ಲದೆ ‘ಮುನ್ನೆಚ್ಚರಿಕೆಗೆ’ ನುಂಗುವವರ ಕಥೆ ಬೇರೆ. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದರು. ತಪಾಸಣೆಗೆ ಹೋಗಿದ್ದು ಸರಿ. ಆದರೆ ಭಯಕ್ಕೆ ಆಸ್ಪಿರಿನ್ ಮದ್ದಲ್ಲ. 2018ರಲ್ಲಿ ಹೊರಬಂದ ಮೂರು ದೊಡ್ಡ ಅಧ್ಯಯನಗಳಲ್ಲಿ ಇಂಥವರಿಗೆ ಸಿಕ್ಕ ಲಾಭ ಅಲ್ಪ ಅಥವಾ ಇಲ್ಲವೇ ಇಲ್ಲ, ರಕ್ತಸ್ರಾವ ಮಾತ್ರ ಹೆಚ್ಚು. ಅರವತ್ತು ದಾಟಿದವರು ಹೊಸದಾಗಿ ಶುರು ಮಾಡಬೇಡಿ ಎಂದು ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಹೇಳಿತು.

ಇನ್ನೊಂದು ಭ್ರಮೆ ಮಾತ್ರೆಯ ಮೇಲಿನ ಲೇಪದ್ದು. ಲೇಪ ಕರುಳಲ್ಲಿ ಕರಗುತ್ತದೆ, ಹಾಗಾಗಿ ಹೊಟ್ಟೆಗೆ ಏನೂ ಆಗಲ್ಲ ಅನ್ನುತ್ತಾರೆ. ಉರಿ ಕಡಿಮೆಯಾಗಬಹುದು, ನಿಜ. ಆದರೆ ಆಸ್ಪಿರಿನ್ ರಕ್ತ ಸೇರಿದ ಮೇಲೂ ಜಠರದ ರಕ್ಷಣೆಯ ಪದರವನ್ನು ಬಡಕಲು ಮಾಡುತ್ತದೆ; ಲೇಪವಿದ್ದರೂ ಹುಣ್ಣು ಆಗಬಹುದು. ಹಿಂದೆ ಹುಣ್ಣಾಗಿದ್ದವರು, ವಯಸ್ಸಾದವರು ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಜೊತೆಗೆ ಬೇಕೇ ಎಂದು ವೈದ್ಯರನ್ನು ಕೇಳಿ. ಲೇಪದ ಮಾತ್ರೆಯನ್ನು ಪುಡಿ ಮಾಡಬಾರದು, ಆಂಟಾಸಿಡ್ ಸಿರಪ್ ಜೊತೆ ಕುಡಿಯಬಾರದು. ಲೇಪ ಹೊಟ್ಟೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ನಾತ ಬಂದರೆ ಅವತ್ತೇ ಆಸ್ಪತ್ರೆಗೆ.

ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಹುಣ್ಣಿನ ಅಪಾಯ ಹೆಚ್ಚಿಸುತ್ತದೆ. ಐಬುಪ್ರೊಫೆನ್ ಇನ್ನೂ ತರಲೆ: ಪ್ಲೇಟ್‌ಲೆಟ್‌ನಲ್ಲಿ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ, ಆಸ್ಪಿರಿನ್ ನುಂಗಿಯೂ ನುಂಗದಂತಾಗುತ್ತದೆ. ನೋವಿಗೆ ಪ್ಯಾರಸಿಟಮಾಲ್ ಇರಲಿ. ಜ್ವರಕ್ಕೂ ಅದೇ. ಡೆಂಗಿಯಲ್ಲೂ ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ದಿನಾ ಆಸ್ಪಿರಿನ್ ತಗೊಳ್ಳುವವರು ಜ್ವರ ಬಂದ ದಿನವೇ ವೈದ್ಯರಿಗೆ ತಿಳಿಸಿ, ಮುಂದುವರಿಸುವುದೋ ಬಿಡುವುದೋ ಅವರು ರಕ್ತಪರೀಕ್ಷೆ ನೋಡಿ ಹೇಳಲಿ.

ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಿ. ‘ಎವಿ 75/10’ ಎಂದಿದ್ದರೆ ಅದರಲ್ಲಿ 75 ಆಸ್ಪಿರಿನ್, 10 ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್. ಗಡ್ಡೆ ತಡೆಯುವ ಇನ್ನೊಂದು ಔಷಧ ಕ್ಲೊಪಿಡೊಗ್ರೆಲ್ ಜೊತೆ ಬೆರೆಸಿದ್ದೂ ಉಂಟು. ಹೊಸ ವೈದ್ಯರು ಇಂಥದ್ದು ಬರೆದ ಮೇಲೂ ಹಳೆಯ ಬಿಡಿ ಮಾತ್ರೆ ಮುಂದುವರಿದರೆ ದಿನಕ್ಕೆ ಎರಡು ಪಾಲು ಹೊಟ್ಟೆ ಸೇರುತ್ತದೆ. ಒಂದು ದಿನ ಮರೆತರೆ ಮರುದಿನ ಒಂದೇ ನುಂಗಿ, ಎರಡಲ್ಲ.

ಎದೆ ಹಿಂಡುವ ನೋವು, ಬೆವರು ಬಂದರೆ ಮೊದಲು 108ಕ್ಕೆ ಕರೆ. ಆಮೇಲೆ 300 ಮಿಲಿಗ್ರಾಂ, ಅಂದರೆ 75ರ ನಾಲ್ಕು, ಚೆನ್ನಾಗಿ ಅಗಿದು ನುಂಗಬೇಕು. ಲೇಪದ ಮಾತ್ರೆಯನ್ನು ಅಗಿಯುವುದು ಇಲ್ಲಿ ಮಾತ್ರ. ಆಸ್ಪಿರಿನ್ ಅಲರ್ಜಿ ಇರುವವರಿಗೆ, ರಕ್ತ ಸೋರುತ್ತಿರುವವರಿಗೆ ಇದು ಬೇಡ. ಬಾಯಿ ಸೊಟ್ಟಗಾಗಿ, ಕೈ ಸೋತಿದ್ದರೆ ಸಿಟಿ ಸ್ಕ್ಯಾನ್ ಆಗುವ ತನಕ ಕೊಡಲೇಬೇಡಿ, ಮಿದುಳಲ್ಲಿ ರಕ್ತ ಸೋರುತ್ತಿರಬಹುದು.

ಮಳೆಗಾಲದಲ್ಲಿ ಮಾತ್ರೆಗಳನ್ನು ಬಿಡಿಸಿ ಡಬ್ಬಿಯಲ್ಲಿ ಹಾಕಿಡಬೇಡಿ. ತೇವ ತಾಗಿದರೆ ಆಸ್ಪಿರಿನ್ ಒಡೆದು ಹುಳಿಯಾಗುತ್ತದೆ. ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಬಂದರೆ ಅಷ್ಟನ್ನೂ ಎಸೆದು ಹೊಸ ಸ್ಟ್ರಿಪ್ ತನ್ನಿ.