ನಾನು ಕೇಸೇ ಹಾಕಿಲ್ಲ, ಕೇಬಲ್ ಕಂಪನಿ ಮೇಲಿನ ದಾವೆಯಲ್ಲಿ ನನ್ನ ಹೆಸರು ಹೇಗೆ ಬಂತು?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಕೆಲವು ವರ್ಷ ಇದ್ದು ಈಗ ಮೈಸೂರಿಗೆ ವಾಪಸಾಗಿದ್ದೇವೆ. ಅಲ್ಲಿ ಮನೆಯ ಕೇಬಲ್, ಇಂಟರ್ನೆಟ್ ಎರಡೂ ಒಂದೇ ಕಂಪನಿಯದು. ಆ ಕಂಪನಿ ಮೇಲಿನ ‘ಕ್ಲಾಸ್ ಆಕ್ಷನ್’ನಲ್ಲಿ ನೀವೂ ಸೇರಿದ್ದೀರಿ, ಪರಿಹಾರಕ್ಕೆ ಅರ್ಜಿ ಹಾಕಿ ಎಂದು ಈಗ ಇಮೇಲ್ ಬಂದಿದೆ. ನಾನು ಯಾರ ಮೇಲೂ ಕೇಸು ಹಾಕಿದವಳಲ್ಲ. ಇದು ಮೋಸವೇ? ಸುಮ್ಮನೆ ಬಿಟ್ಟರೆ ತೊಂದರೆ ಇದೆಯೇ?

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ, ಹೆಚ್ಚಿನವರು ಎಡವುವುದು ಅಲ್ಲೇ. ಇಮೇಲ್ ಅಸಲಿ ಆಗಿದ್ದರೆ, ಸುಮ್ಮನೆ ಬಿಟ್ಟ ಮಾತ್ರಕ್ಕೆ ನೀವು ದಾವೆಯಿಂದ ಹೊರಗೆ ಉಳಿಯುವುದಿಲ್ಲ. ಒಳಗೇ ಇರುತ್ತೀರಿ, ದುಡ್ಡು ಮಾತ್ರ ಬರುವುದಿಲ್ಲ. ಕಂಪನಿ ಜೊತೆಗಿನ ರಾಜಿಗೆ ಕೋರ್ಟಿನ ಒಪ್ಪಿಗೆ ಸಿಕ್ಕ ಮೇಲೆ ಅದೇ ವಿಷಯಕ್ಕೆ ನೀವಾಗಿ ಕೇಸು ಹಾಕುವ ಹಕ್ಕೂ ಹೋಗಿರುತ್ತದೆ.

ಅಮೆರಿಕದ ಫೆಡರಲ್ (ಕೇಂದ್ರದ) ಕೋರ್ಟುಗಳಲ್ಲಿ ಕ್ಲಾಸ್ ಆಕ್ಷನ್, ಅಂದರೆ ಗುಂಪಿನ ಪರವಾದ ದಾವೆಗಳು ನಡೆಯುವುದು ಸಿವಿಲ್ ಪ್ರಕ್ರಿಯೆಯ 23ನೇ ನಿಯಮದ ಪ್ರಕಾರ. ನಾಲ್ಕಾರು ಗ್ರಾಹಕರು ಮುಂದೆ ನಿಂತು, ತಮ್ಮಂತೆಯೇ ನಷ್ಟವಾದ ಎಲ್ಲರ ಪರವಾಗಿ ದಾವೆ ಹೂಡುತ್ತಾರೆ. ಆ ಎಲ್ಲರು ಯಾರು ಎಂಬುದಕ್ಕೆ ನ್ಯಾಯಾಧೀಶರು ಗೆರೆ ಎಳೆಯುತ್ತಾರೆ: ಇಂಥ ದಿನದಿಂದ ಇಂಥ ದಿನದವರೆಗೆ ಈ ಕಂಪನಿಯ ಇಂಥ ಸೇವೆ ಪಡೆದವರು ಎಂದು. ಗೆರೆಯೊಳಗೆ ಬಿದ್ದವರ ವಿಳಾಸವನ್ನು ಕಂಪನಿಯ ದಾಖಲೆಯಿಂದಲೇ ತೆಗೆದು ನೋಟಿಸು ಕಳಿಸುತ್ತಾರೆ. ಬೇಡ ಎನ್ನುವವರು ಗಡುವಿನೊಳಗೆ ಬರೆದು ತಿಳಿಸಬೇಕು. ನಿಮ್ಮನ್ನು ಕೇಳದೆಯೇ ನಿಮ್ಮ ಹೆಸರು ಸೇರಿದ್ದು ಹೀಗೆ.

ಕೇಬಲ್ ಕಂಪನಿಗಳ ಮೇಲಿನ ಹಳೆಯ ಜಗಳ ಬಿಲ್ಲಿನದು. ಅಲ್ಲಿದ್ದಾಗಿನ ಬಿಲ್ ಎಲ್ಲಾದರೂ ಸಿಕ್ಕರೆ ತೆಗೆದು ನೋಡಿ. ಜಾಹೀರಾತಿನಲ್ಲಿ ಹೇಳಿದ ಪ್ಯಾಕೇಜ್ ದರ ಮೇಲಿನ ಸಾಲಿನಲ್ಲಿರುತ್ತದೆ. ಅದರ ಕೆಳಗೆ ಸೆಟ್‌ಟಾಪ್ ಬಾಕ್ಸ್ ಬಾಡಿಗೆ, ಮೋಡೆಮ್ ಬಾಡಿಗೆ, ಇನ್ನೂ ಕೆಳಗೆ ‘ಬ್ರಾಡ್‌ಕಾಸ್ಟ್ ಟಿವಿ ಫೀ’, ‘ರೀಜನಲ್ ಸ್ಪೋರ್ಟ್ಸ್ ಫೀ’. ಹೆಸರು ಕೇಳಿದರೆ ಸರ್ಕಾರದ ತೆರಿಗೆ ಇರಬೇಕು ಎನ್ನಿಸುತ್ತದೆ. ಅಲ್ಲ, ಚಾನೆಲ್‌ಗಳಿಗೆ ಕಂಪನಿ ಕೊಡಬೇಕಾದ ದುಡ್ಡನ್ನೇ ಬೇರೆ ಸಾಲಾಗಿ ಒಡೆದು ಗ್ರಾಹಕರ ತಲೆಗೆ ಕಟ್ಟಿದ್ದು. ಅಲ್ಲಿನ ದೊಡ್ಡ ಕೇಬಲ್ ಕಂಪನಿ ಕಾಮ್‌ಕಾಸ್ಟ್ 2014ರಲ್ಲಿ ‘ಬ್ರಾಡ್‌ಕಾಸ್ಟ್ ಟಿವಿ ಫೀ’ಯನ್ನು ತಿಂಗಳಿಗೆ ಒಂದೂವರೆ ಡಾಲರಿನಿಂದ ಶುರು ಮಾಡಿತು, ಆಮೇಲೆ ಅದು ಏರುತ್ತಲೇ ಹೋಯಿತು. ದರ ಬದಲಾಗುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡು ಈ ಫೀಗಳ ಹೆಸರಿನಲ್ಲಿ ಬಿಲ್ ಏರಿಸಿದರು ಎಂದು 2016ರಲ್ಲಿ ಹಲವು ರಾಜ್ಯಗಳ ಗ್ರಾಹಕರು ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕೋರ್ಟಿಗೆ ಹೋದರು. ನಮ್ಮಲ್ಲಿ 2019ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ 100 ಚಾನೆಲ್‌ಗಳ ಎನ್‌ಸಿಎಫ್‌ಗೆ (ಸಂಪರ್ಕ ಜಾಲದ ಶುಲ್ಕಕ್ಕೆ) 130 ರೂಪಾಯಿಯ ಮಿತಿ ಹಾಕಿತ್ತು, ನೆನಪಿರಬಹುದು. ಅಲ್ಲಿನ ಈ ಫೀಗಳಿಗೆ ಅಂಥ ಮಿತಿ ಇರಲಿಲ್ಲ. ಎಲ್ಲ ಸೇರಿಸಿ ಒಂದೇ ದರ ತೋರಿಸಿ ಎಂದು ಅಲ್ಲಿನ ಸಂವಹನ ನಿಯಂತ್ರಕ ಎಫ್‌ಸಿಸಿ ನಿಯಮ ಮಾಡಿದ್ದೇ 2024ರಲ್ಲಿ.

ಬಿಲ್ಲಿನ ನಷ್ಟವನ್ನು ಪೈಸೆ ಪೈಸೆ ಎಣಿಸಬಹುದು, ಆದ್ದರಿಂದ ಗೆಲ್ಲುವುದು ಸುಲಭ ಎಂದುಕೊಳ್ಳಬೇಡಿ. ಫಿಲಡೆಲ್ಫಿಯಾ ಸುತ್ತಮುತ್ತಲ 20 ಲಕ್ಷಕ್ಕೂ ಹೆಚ್ಚು ಚಂದಾದಾರರ ಪರವಾಗಿ 2003ರಲ್ಲಿ ಹೂಡಿದ ದಾವೆಯನ್ನೇ ನೋಡಿ. ಪೈಪೋಟಿಯನ್ನು ಮುಗಿಸಿ ಕಾಮ್‌ಕಾಸ್ಟ್ ಹೆಚ್ಚು ದರ ವಸೂಲಿ ಮಾಡಿತು ಎಂಬುದು ದೂರು, ಗ್ರಾಹಕರ ಪರ ತಜ್ಞರು ಲೆಕ್ಕ ಹಾಕಿದ ನಷ್ಟ 87.5 ಕೋಟಿ ಡಾಲರ್. 2013ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಕಂಪನಿಯ ಪರ ನಿಂತಿತು. ಆ ಲೆಕ್ಕ ಕಟ್ಟಿದ್ದು ನಾಲ್ಕು ಆರೋಪಗಳನ್ನು ಒಟ್ಟಿಗೆ ಹಿಡಿದು, ಕೆಳಗಿನ ಕೋರ್ಟು ಉಳಿಸಿದ್ದು ಒಂದನ್ನೇ, ಹಾಗಾಗಿ ಎಲ್ಲರನ್ನೂ ಒಂದೇ ಗುಂಪಾಗಿ ನೋಡಲಾಗದು ಎಂದಿತು. ಹಾಕಿ ಹನ್ನೆರಡು ವರ್ಷವಾದ ಮೇಲೆ 5 ಕೋಟಿ ಡಾಲರಿಗೆ ರಾಜಿಯಾಯಿತು, ಅದರಲ್ಲೂ ಬಹುಪಾಲು ನಗದಲ್ಲ, ಅದೇ ಕಂಪನಿಯ ಸೇವೆ!

ಇನ್ನೊಂದು ತೊಡಕು ನೀವು ಸಹಿ ಹಾಕಿದ ಕರಾರಿನಲ್ಲೇ ಇದೆ. ‘ಉಚಿತ’ ಫೋನಿಗೆ 30 ಡಾಲರ್ 22 ಸೆಂಟ್ ಮಾರಾಟ ತೆರಿಗೆ ಹಾಕಿದ್ದಕ್ಕೆ ಫೋನ್ ಕಂಪನಿ ಎಟಿ ಅಂಡ್ ಟಿ ವಿರುದ್ಧ ನಡೆದ ದಾವೆಯಲ್ಲಿ 2011ರಲ್ಲಿ ತೀರ್ಪು ಬಂತು. ‘ತಕರಾರಿದ್ದರೆ ಒಬ್ಬೊಬ್ಬರಾಗಿ ಆರ್ಬಿಟ್ರೇಶನ್‌ಗೆ (ಕೋರ್ಟಿನ ಹೊರಗಿನ ಪಂಚಾಯ್ತಿಗೆ) ಬನ್ನಿ, ಗುಂಪಾಗಿ ಬರುವಂತಿಲ್ಲ’ ಎಂಬ ಷರತ್ತಿಗೆ ಸುಪ್ರೀಂ ಕೋರ್ಟ್ ಅಸ್ತು ಎಂದಿತು. ಮೂವತ್ತು ಡಾಲರಿಗಾಗಿ ಒಬ್ಬರೇ ಯಾರು ಓಡಾಡುತ್ತಾರೆ? ಕಂಪನಿಗಳಿಗೆ ಬೇಕಿದ್ದೂ ಅದೇ. ಸೇವೆ ಶುರುವಾದ 30 ದಿನದೊಳಗೆ ಈ ಷರತ್ತು ಒಪ್ಪುವುದಿಲ್ಲ ಎಂದು ತಿಳಿಸಲು ಕೆಲವು ಕರಾರುಗಳಲ್ಲಿ ಅವಕಾಶ ಇರುತ್ತದೆ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಅದನ್ನು ಓದಿದವರನ್ನು ನಾನಂತೂ ಕಂಡಿಲ್ಲ.

ಆದರೆ ರಾಜ್ಯ ಸರ್ಕಾರ ಆ ಕರಾರಿಗೆ ಸಹಿ ಹಾಕಿರುವುದಿಲ್ಲ. ಹಾಗಾಗಿ ರಾಜ್ಯದ ಪರ ಅದರ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ಹೂಡುವ ಕೇಸಿಗೆ ಈ ಷರತ್ತು ಅಡ್ಡ ಬರುವುದಿಲ್ಲ. ವಾಷಿಂಗ್ಟನ್ ರಾಜ್ಯ 2016ರಲ್ಲಿ ಹೂಡಿದ ಕೇಸಿನಲ್ಲಿ, ಗ್ರಾಹಕರ ಒಪ್ಪಿಗೆಯಿಲ್ಲದೆ ‘ಸರ್ವಿಸ್ ಪ್ರೊಟೆಕ್ಷನ್ ಪ್ಲಾನ್’ (ತಿಂಗಳ ಶುಲ್ಕದ ರಿಪೇರಿ ಯೋಜನೆ) ಅಂಟಿಸಿದ್ದಕ್ಕೆ ಕಾಮ್‌ಕಾಸ್ಟ್ 91 ಲಕ್ಷ ಡಾಲರ್ ದಂಡ ಕಟ್ಟಬೇಕು, ಗ್ರಾಹಕರ ಹಣವನ್ನೂ ವಾಪಸ್ ಕೊಡಬೇಕು ಎಂದು 2019ರಲ್ಲಿ ಆದೇಶವಾಯಿತು.

ಈಚಿನ ವರ್ಷಗಳ ದೊಡ್ಡ ಜಗಳ ಮಾಹಿತಿ ಕಳವಿನದು. 2023ರ ಅಕ್ಟೋಬರ್ 10ರಂದು ಸಿಟ್ರಿಕ್ಸ್ ಎಂಬ ಕಂಪನಿ ತನ್ನ ತಂತ್ರಾಂಶದ ಒಂದು ದೋಷಕ್ಕೆ ಪ್ಯಾಚ್ (ತೇಪೆ) ಬಿಡುಗಡೆ ಮಾಡಿತು. ಕಾಮ್‌ಕಾಸ್ಟ್ ತನ್ನ ಕೇಬಲ್, ಇಂಟರ್ನೆಟ್ ಸೇವೆಗೆ ಇಟ್ಟ ಹೆಸರು ಎಕ್ಸ್‌ಫಿನಿಟಿ; ಅದರ ವ್ಯವಸ್ಥೆಯೊಳಗೆ ಕಳ್ಳರು ಅದೇ ದೋಷದ ಮೂಲಕ ಓಡಾಡಿದ್ದು 16ರಿಂದ 19ರ ನಡುವೆ. ಗ್ರಾಹಕರಿಗೆ ಸುದ್ದಿ ಮುಟ್ಟಿದ್ದು ಡಿಸೆಂಬರ್ 18ಕ್ಕೆ. ಮೇನ್ ರಾಜ್ಯಕ್ಕೆ ಕಂಪನಿಯೇ ಕೊಟ್ಟ ಲೆಕ್ಕ 3,58,79,455 ಮಂದಿ. ಯೂಸರ್‌ನೇಮ್ ಮತ್ತು ಹ್ಯಾಶ್ ಮಾಡಿದ (ನೇರವಾಗಿ ಓದಲಾಗದಂತೆ ಮಾರ್ಪಡಿಸಿದ) ಪಾಸ್‌ವರ್ಡ್‌ಗಳ ಜೊತೆಗೆ ಕೆಲವರ ಜನ್ಮದಿನಾಂಕ, ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ, ಗುಪ್ತ ಪ್ರಶ್ನೆಗಳ ಉತ್ತರಗಳೂ ಹೋದವು. ನನಗೆ ಹೆಚ್ಚು ಚಿಂತೆಯಾಗುವುದು ಈ ಕೊನೆಯದರ ಬಗ್ಗೆ. ಪಾಸ್‌ವರ್ಡ್ ಬದಲಾಯಿಸಬಹುದು, ನಿಮ್ಮ ತಾಯಿಯ ತವರಿನ ಹೆಸರನ್ನು ಬದಲಾಯಿಸುವುದು ಹೇಗೆ? ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಕ್ಲಾಸ್ ಆಕ್ಷನ್‌ಗಳ ಸಾಲೇ ಶುರುವಾಯಿತು.

ಇಲ್ಲಿ ಕೋರ್ಟು ಕೇಳುವ ಮೊದಲ ಪ್ರಶ್ನೆ: ನಿಮಗಾದ ನಷ್ಟ ಏನು? ಮಾಹಿತಿ ಕದ್ದಿದ್ದಾರೆ, ಸರಿ. ಅದರಿಂದ ದುಡ್ಡು ಹೋಯಿತೇ? 2021ರಲ್ಲಿ ತೀರ್ಪು ಬಂದ ಟ್ರಾನ್ಸ್‌ಯೂನಿಯನ್ ಪ್ರಕರಣ ನೋಡಿ: ಜನರ ಸಾಲದ ದಾಖಲೆ ಇಟ್ಟು ವರದಿ ಕೊಡುವ ಈ ಕಂಪನಿಯ ವರದಿಯಲ್ಲಿ 8,185 ಜನರ ಹೆಸರಿನ ಮುಂದೆ ‘ಭಯೋತ್ಪಾದಕರ ಪಟ್ಟಿಯಲ್ಲಿ ಇರಬಹುದು’ ಎಂಬ ಗುರುತು ಬಿದ್ದಿತ್ತು. ಆ ವರದಿ ಬೇರೆಯವರ ಕೈ ಸೇರಿದ 1,853 ಮಂದಿಗೆ ಮಾತ್ರ ಪರಿಹಾರ ಕೇಳುವ ಹಕ್ಕಿದೆ ಎಂದಿತು ಸುಪ್ರೀಂ ಕೋರ್ಟ್. ಮುಂದಿನ ವರ್ಷ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಗಳ ಮೇಲಿನ ಮೇಲ್ಮನವಿ ಕೋರ್ಟು ಬೇರೊಂದು ಕೇಸಿನಲ್ಲಿ, ಕದ್ದ ಮಾಹಿತಿ ಡಾರ್ಕ್ ವೆಬ್‌ಗೆ (ಇಂಟರ್ನೆಟ್‌ನ ಗುಪ್ತ ಮೂಲೆಗೆ) ಬಿದ್ದಿದ್ದರೆ ದುರುಪಯೋಗ ಆಗುವವರೆಗೆ ಕಾಯಬೇಕಿಲ್ಲ ಎಂದಿತು. ಈ ಎಳೆದಾಟದಲ್ಲಿ ಗೆಲ್ಲುವುದು ಯಾರೆಂಬ ಖಾತ್ರಿ ಎರಡೂ ಕಡೆಗೆ ಇರುವುದಿಲ್ಲ. ಆದ್ದರಿಂದಲೇ ಇಂಥವು ಹೆಚ್ಚಾಗಿ ರಾಜಿಯಲ್ಲಿ ಮುಗಿಯುತ್ತವೆ, ನಿಮಗೆ ಇಮೇಲ್ ಬರುವುದೂ ಆಗಲೇ.

ಎಷ್ಟು ಸಿಗಬಹುದು? ಆಸೆ ಕಡಿಮೆ ಇಟ್ಟುಕೊಳ್ಳಿ. ಸಾಲದ ದಾಖಲೆ ಇಡುವ ಇನ್ನೊಂದು ಕಂಪನಿ ಈಕ್ವಿಫ್ಯಾಕ್ಸ್‌ನಲ್ಲಾದ ಕಳವಿನಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು. 2019ರ ರಾಜಿಯಲ್ಲಿ ತಲಾ 125 ಡಾಲರ್ ಎಂದು ಸುದ್ದಿಯಾಯಿತು, ಜನ ಮುಗಿಬಿದ್ದರು. ಆ ನಗದಿಗಾಗಿ ತೆಗೆದಿಟ್ಟದ್ದು 3.1 ಕೋಟಿ ಡಾಲರ್. ಭಾಗಿಸಿ ನೋಡಿದರೆ 2.48 ಲಕ್ಷ ಜನರಿಗೆ ಮಾತ್ರ ಪೂರ್ತಿ ಮೊತ್ತ ಸಾಲುತ್ತದೆ. ಕಳವಿನಿಂದ ನಿಜಕ್ಕೂ ಖರ್ಚಾಗಿದ್ದು ರಸೀದಿ ಇದ್ದವರಿಗೆ ಬೇರೆ ಬಾಬತ್ತು ಇರುತ್ತದೆ, ಅದು ದೊಡ್ಡದು. ವಕೀಲರ ಪಾಲೂ ಸಾಮಾನ್ಯವಾಗಿ ರಾಜಿ ಹಣದಿಂದಲೇ ಹೋಗುತ್ತದೆ.

‘ನಮ್ಮಲ್ಲಿ ಹೀಗೆ ಯಾಕಿಲ್ಲ’ ಎಂದು ಜೊತೆಗೇ ಕೇಳುವವರಿದ್ದಾರೆ. ಇದೆ, ಹೆಸರಿಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಪ್ರಕಾರ ಒಬ್ಬರು ಹಲವರ ಪರವಾಗಿ ದೂರು ಕೊಡಬಹುದು, ಆದರೆ ಎಲ್ಲರ ಹಿತಾಸಕ್ತಿ ಒಂದೇ ಎಂದು ತೋರಿಸಬೇಕು. ಬೆಂಗಳೂರಿನ ಬ್ರಿಗೇಡ್ ಎಂಟರ್‌ಪ್ರೈಸಸ್ ಮೇಲೆ ಫ್ಲ್ಯಾಟ್ ಕೊಂಡವರು ಹೂಡಿದ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೋರಿಸಿಲ್ಲ ಎಂದಿತು, ದೂರು ಕೊಟ್ಟವರು ತಮ್ಮ ಮಟ್ಟಿಗೆ ಜಂಟಿ ದೂರಾಗಿ ಮುಂದುವರಿಸಲಿ ಎಂದಿತು. ಮಾಹಿತಿ ಕಳವಿಗೆ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ) ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ, ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಕಳೆದುಕೊಂಡವರಿಗೆ ಏನು ಎಂಬ ಪ್ರಶ್ನೆಗೆ ಕಾಯ್ದೆ ಬಾಯಿ ಬಿಡುವುದಿಲ್ಲ.

ಇನ್ನು ಇಮೇಲ್ ಅಸಲಿಯೇ ಎಂಬುದು. ಅದರಲ್ಲಿರುವ ಲಿಂಕ್ ಒತ್ತಬೇಡಿ. ಅಸಲಿ ನೋಟಿಸಿನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಹೊರಗೆ ಹೋಗುವ ಗಡುವು, ಆಕ್ಷೇಪಣೆಯ ಗಡುವು ಇರುತ್ತವೆ. ಆ ಕೇಸ್ ನಂಬರನ್ನು ನೀವೇ ಹುಡುಕಿ, ಕೋರ್ಟಿನ ಆದೇಶದಲ್ಲಿ ಇರುವ ವೆಬ್‌ಸೈಟ್ ವಿಳಾಸವನ್ನೇ ಟೈಪ್ ಮಾಡಿ. ಅರ್ಜಿ ಹಾಕಲು ಶುಲ್ಕ ಕೇಳಿದರೆ ಅದು ಮೋಸ, ಎರಡು ಮಾತಿಲ್ಲ. ಫಾರಂನಲ್ಲಿ ಹಳೆಯ ವಿಳಾಸ, ಈಗಿನ ವಿಳಾಸ ಎರಡನ್ನೂ ಕೊಡಿ. ಅಲ್ಲಿನ ಬ್ಯಾಂಕ್ ಖಾತೆ ಇನ್ನೂ ಇದ್ದರೆ ಹಣ ಅದಕ್ಕೇ ಹಾಕಿಸಿಕೊಳ್ಳಿ, ಹತ್ತು ಡಾಲರಿನ ಚೆಕ್ ಮೈಸೂರಿಗೆ ತರಿಸಿಕೊಂಡರೆ ನಗದು ಮಾಡಿಸುವ ಖರ್ಚೇ ಜಾಸ್ತಿ.

ಪರಿಹಾರ ಬರಲಿ ಬಿಡಲಿ, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ನಿಮ್ಮ ಕ್ರೆಡಿಟ್ ಫ್ರೀಜ್ ಮಾಡಿಸಿ, ಅಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯದಂತೆ ಸಾಲದ ದಾಖಲೆಗೆ ಬೀಗ ಹಾಕಿಸಿ. 2018ರ ಸೆಪ್ಟೆಂಬರಿನಿಂದ ಅದು ಉಚಿತ. ಅಲ್ಲೇ ಇರುವವರಿಗೆ ಸಾಲ ಬೇಕಾದಾಗಲೆಲ್ಲ ಫ್ರೀಜ್ ತೆಗೆಸುವ ರಗಳೆ ಇರುತ್ತದೆ. ನೀವು ಊರಿಗೆ ಬಂದಾಗಿದೆ, ಅಲ್ಲಿ ಹೊಸ ಸಾಲ ಮಾಡುವುದೇನೂ ಇಲ್ಲ, ಹಾಗೇ ಬಿಟ್ಟುಬಿಡಬಹುದು.